ಅಂಗಳದಿಂದ ಬಂದರಿಗೆ: ಮಲೆನಾಡಿನ ಫಸಲು ಸಾಗುವ ದಾರಿ

(ಮಂಗಳೂರಿನಲ್ಲಿ ಮಲೆನಾಡಿನ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಂಗಳೂರಿನ ಹಳೆಯ ಬಂದರು ಪ್ರದೇಶದ ಇಕ್ಕಟ್ಟಾದ ಬೀದಿಗಳಲ್ಲಿ ನಡೆದರೆ ಕಾಳುಮೆಣಸು, ಒಣಮೀನು, ಗೋಣಿಚೀಲ, ಸುಲಿದ ಅಡಿಕೆ ಎಲ್ಲವೂ ಬೆರೆತ ವಾಸನೆಯೊಂದು ಇಂದಿಗೂ ಮೂಗಿಗೆ ಬಡಿಯುತ್ತದೆ. ಈ ನಗರ ಬೆಳೆದದ್ದು ಘಟ್ಟದ ಮೇಲಿನ ಮತ್ತು ಘಟ್ಟದ ಬುಡದ ಫಸಲು ಕಡಲನ್ನು ಸೇರುವ ಬಾಗಿಲಾಗಿ. ಪೋರ್ಚುಗೀಸರ ಗೋವೆ ಕನ್ನಡ ಕರಾವಳಿಯ ಅಕ್ಕಿಯನ್ನು ನೆಚ್ಚಿಕೊಂಡು ಬದುಕಿತ್ತು. ಅರಬ್ ತೀರದ ಮಸ್ಕತ್ತಿಗೂ ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಕಾಳುಮೆಣಸು, ಏಲಕ್ಕಿ, ಅಡಿಕೆ, ಆಮೇಲೆ ಕಾಫಿ, ಇವೆಲ್ಲ ಹೇರೆತ್ತುಗಳ ಬೆನ್ನ ಮೇಲೆ, ಕೂಲಿಗಳ ತಲೆಯ ಮೇಲೆ, ಗಾಡಿರಸ್ತೆಗಳಾದ ಮೇಲೆ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಬಂದವು. ಬಂಟ್ವಾಳ ಪೇಟೆ ದೊಡ್ಡದಾದದ್ದು ಇದೇ ಕಾರಣಕ್ಕೆ. ಘಟ್ಟದಿಂದ ಬಂದ ಸರಕು ಅಲ್ಲಿ ಗಾಡಿಯಿಂದಿಳಿದು ದೋಣಿಯೇರಿ ನೇತ್ರಾವತಿಯ ಹರಿವಿನಲ್ಲಿ ಮಂಗಳೂರಿಗೆ ಬಂದು, ಇಲ್ಲಿ ಮಂಜಿಗಳನ್ನು ಸೇರುತ್ತಿತ್ತು. ಹೊಳೆಯ ದಡದ ಪೇಟೆ ಹೊಳೆಯ ಲಾಭವನ್ನೂ ಉಂಡಿತು, 1923 ಮತ್ತು 1974ರ ನೆರೆಗಳಲ್ಲಿ ಹೊಳೆಯ ಪೆಟ್ಟನ್ನೂ ತಿಂದಿತು.

ಆ ಹಳೆಯ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮಳೆಗಾಲದಲ್ಲಿ ಬಂದರು ಮುಚ್ಚುತ್ತಿತ್ತು, ಘಟ್ಟದ ದಾರಿಗಳೂ ಬಹುಮಟ್ಟಿಗೆ ಮುಚ್ಚುತ್ತಿದ್ದವು. ಹೀಗಾಗಿ ಇಡೀ ವ್ಯಾಪಾರವೇ ಮಳೆಯ ಪಂಚಾಂಗಕ್ಕೆ ಹೊಂದಿಕೊಂಡಿತ್ತು. ಇನ್ನೊಂದು, ಪ್ರಯಾಣ ಮಾಡುತ್ತಿದ್ದ ಸರಕೆಲ್ಲ ಒಣಗಿದ ಸರಕು. ಹಸಿಯಾದದ್ದು ಊರಿನಲ್ಲೇ ಉಳಿಯುತ್ತಿತ್ತು, ಇಲ್ಲವೇ ಊರಿನಲ್ಲೇ ರೂಪ ಬದಲಿಸುತ್ತಿತ್ತು. ಹಲಸು ಹಪ್ಪಳವಾಗಿ, ಉಪ್ಪುಸೊಳೆಯಾಗಿ. ಮಾವು ಮಾಂಬಳವಾಗಿ, ಮಿಡಿ ಉಪ್ಪಿನಕಾಯಿಯಾಗಿ. ಪುನರ್ಪುಳಿ ಒಣಸಿಪ್ಪೆಯಾಗಿ ಭರಣಿ ಸೇರುತ್ತಿದ್ದವು. ಅಜ್ಜಿಯಂದಿರ ಈ ಕೆಲಸವನ್ನು ಅಡುಗೆಯೆಂದು ಮಾತ್ರ ಎಣಿಸಿ ಬದಿಗಿಡುವುದು ರೂಢಿ. ವಾಸ್ತವವಾಗಿ ಅದು ಸಾಗಣೆಯ ಶಾಸ್ತ್ರ. ಕೆಡುವುದನ್ನು ಕೆಡದಂತೆ, ಭಾರವಾದುದನ್ನು ಹಗುರವಾಗುವಂತೆ ಮಾಡಿದ ಮೇಲೆ ದಾರಿ ಒಂದು ತಿಂಗಳು ಮುಚ್ಚಿದ್ದರೂ ಚಿಂತೆಯಿಲ್ಲ.

ಈ ಲೆಕ್ಕವನ್ನು ಅಂಕೆಗಳಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. 100 ಕಿಲೋ ಹಸಿ ಕಾಳುಮೆಣಸು ಒಣಗಿದಾಗ ಸುಮಾರು 33 ಕಿಲೋ ಆಗುತ್ತದೆ. 100 ಕಿಲೋ ಹಣ್ಣು ಅರೇಬಿಕಾ ಕಾಫಿಯಿಂದ ಕೊನೆಗೆ ದೊರೆಯುವ ಹಸನಾದ ಬೀಜ 20 ಕಿಲೋದ ಆಸುಪಾಸು. 100 ಕಿಲೋ ಹಸಿ ಶುಂಠಿ ಒಣಶುಂಠಿಯಾದಾಗ 20 ಕಿಲೋ ಸಿಕ್ಕರೆ ಚೆನ್ನ. ಹಸಿ ಕೋಕೋ ಬೀಜ ಹುಳಿಬಂದು ಒಣಗಿದಾಗ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಉಳಿಯುತ್ತದೆ. ಹಲಸಿನ ಹಣ್ಣಿನಲ್ಲಿ ತಿನ್ನುವ ತೊಳೆ ಮೂರನೆಯ ಒಂದು ಪಾಲೂ ಇರದು. ಮಿಕ್ಕದ್ದು ಸಿಪ್ಪೆ, ಗೂಂಜು, ಸಾರೆ, ಬೀಜ. ಅಂದರೆ ಲಾರಿಯಲ್ಲಿ ಹಸಿ ಸರಕು ತುಂಬಿ ಘಟ್ಟ ಇಳಿಸುವಾಗ ಬಾಡಿಗೆ ಕೊಟ್ಟು ಸಾಗಿಸುವುದರಲ್ಲಿ ಹೆಚ್ಚಿನದು ನೀರು. ಅದೂ ವರ್ಷಕ್ಕೆ ನೂರಾರು ಅಂಗುಲ ಮಳೆ ಸುರಿಯುವ ನಾಡಿನಿಂದ ನೀರನ್ನು ಲಾರಿಯಲ್ಲಿ ಸಾಗಿಸುವ ವೈಭವ!

ಹಾಗೆಂದು ಎಲ್ಲವನ್ನೂ ಒಣಗಿಸಿ ಮುಗಿಸಲಾಗದು. ಬಾಳೆಹಣ್ಣು, ತರಕಾರಿ, ಹಾಲು ಹಸಿಯಾಗಿಯೇ ಗ್ರಾಹಕನನ್ನು ಸೇರಬೇಕು. ಇಲ್ಲಿಯೇ ಸಾಗಣೆಯ ನಿಜವಾದ ಸಮಸ್ಯೆ ತಲೆಯೆತ್ತುತ್ತದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಸೇರಿದ ಲುಧಿಯಾನದ ಕೊಯ್ಲೋತ್ತರ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ದೇಶದಲ್ಲಿ ಹಣ್ಣು ತರಕಾರಿಗಳ ನಷ್ಟ ಬೆಳೆಗನುಗುಣವಾಗಿ ಶೇಕಡಾ 4.6ರಿಂದ 15.9ರವರೆಗೆ ಇತ್ತು. ಭಾಷಣಗಳಲ್ಲಿ ಬಾಯಿಗೆ ಬಂದಂತೆ ಹೇಳುವ ಶೇಕಡಾ 40ರ ಅಂಕೆಗಿಂತ ಇದು ಬಹಳ ಕಡಿಮೆ. ಆದರೆ ಇದು ಕೊಯ್ದ ಮೇಲೆ ಆದ ನಷ್ಟ. ಕೊಯ್ಯದೆಯೇ ಮರದಡಿಯಲ್ಲಿ ಕೊಳೆತು ಹೋಗುವ ಮಲೆನಾಡಿನ ಹಲಸು ಯಾವ ಪಟ್ಟಿಗೂ ಸೇರುವುದಿಲ್ಲ. ಅದು ಫಸಲೆಂದೇ ಎಣಿಕೆಯಾಗಿಲ್ಲ.

ಅದು ಏಕೆ ಕೊಯ್ಲಾಗುವುದಿಲ್ಲ? ಬೆಲೆ ಇಲ್ಲವೆಂಬುದು ಅರ್ಧ ಉತ್ತರ. ಮಿಕ್ಕರ್ಧ ಉತ್ತರ ಮೊದಲ ಮೂರು ಕಿಲೋಮೀಟರಿನಲ್ಲಿದೆ. ಮಲೆನಾಡಿನಲ್ಲಿ ತೋಟ ಕಣಿವೆಯಲ್ಲಿ, ಮನೆ ಗುಡ್ಡದ ಓರೆಯಲ್ಲಿ, ಡಾಂಬರು ರಸ್ತೆ ಇನ್ನೂ ಮೇಲೆ. ನಡುವೆ ತೋಡು, ಹಳ್ಳ, ಕಾಲುಸಂಕ. ತೋಟದಿಂದ ಅಂಗಳಕ್ಕೆ ತಲೆಹೊರೆ, ಅಂಗಳದಿಂದ ರಸ್ತೆಗೆ ಮತ್ತೆ ತಲೆಹೊರೆ ಅಥವಾ ಜೀಪು. ರಸ್ತೆಯ ತಲೆಗೆ ಬಂದ ಮೇಲೆ ಪಿಕಪ್ ಬಾಡಿಗೆ. ಈ ಬಾಡಿಗೆಗೆ ಒಂದು ಸ್ವಭಾವವಿದೆ: ಅದು ವಾಹನಕ್ಕೆ ತಗಲುತ್ತದೆಯೇ ಹೊರತು ತೂಕಕ್ಕಲ್ಲ. 10 ಕ್ವಿಂಟಲ್ ಹೊರುವ ಗಾಡಿಯಲ್ಲಿ 2 ಕ್ವಿಂಟಲ್ ಹೇರಿದವನು ಕಿಲೋವೊಂದಕ್ಕೆ ಐದು ಪಟ್ಟು ಬಾಡಿಗೆ ತೆತ್ತಂತಾಯಿತು. ಎರಡೆಕರೆ ಹಿಡುವಳಿಯವನು ಹೆಚ್ಚಿನ ಸಂದರ್ಭಗಳಲ್ಲಿ ಈ ಎರಡು ಕ್ವಿಂಟಲಿನವನೇ. ಮಂಗಳೂರಿನಿಂದ ಅಹಮದಾಬಾದಿಗೆ ಅಡಿಕೆ ಹೋಗುವ ದಾರಿ ಸಾವಿರ ಕಿಲೋಮೀಟರಿಗೂ ಮಿಕ್ಕದ್ದು. ಅಲ್ಲಿ ಲಾರಿ ತುಂಬಿರುತ್ತದೆ, ಆದುದರಿಂದ ಕಿಲೋಮೀಟರಿನ ಲೆಕ್ಕದಲ್ಲಿ ಖರ್ಚು ಅತ್ಯಲ್ಪ. ಅತಿ ದುಬಾರಿ ಪ್ರಯಾಣವೆಂದರೆ ತೋಟದಿಂದ ರಸ್ತೆಯವರೆಗಿನದು. ಯೋಜನೆಗಳ ಹಣ ಹರಿಯುವುದು ಮಾತ್ರ ಇನ್ನೊಂದು ತುದಿಯಲ್ಲಿ.

ಮೊದಲ ತುದಿಯನ್ನು ಗಂಭೀರವಾಗಿ ಪರಿಗಣಿಸಿದ ಉದಾಹರಣೆ ಈ ಜಿಲ್ಲೆಯಲ್ಲಿಯೇ ಇದೆ. ಸುಳ್ಯದ ಗಿರೀಶ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಅಡ್ಡಲಾಗಿ ತಮ್ಮ ಮೊದಲ ತೂಗುಸೇತುವೆಯನ್ನು ಕಟ್ಟಿದರು. ಯಂತ್ರಶಾಸ್ತ್ರ ಓದಿದವರು, ಕೃಷಿಕ ಮನೆತನದವರು. ಮುಂದೆ ಅವರು ಕರ್ನಾಟಕ, ಕೇರಳ, ಆಂಧ್ರ, ಒಡಿಶಾಗಳಲ್ಲಿ ನೂರಕ್ಕೂ ಮಿಕ್ಕಿ ಇಂತಹ ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಗೌರವವೂ ಬಂದಿತು. ಕಾಂಕ್ರೀಟು ಸೇತುವೆಗೆ ತಗಲುವ ವೆಚ್ಚದ ಸಣ್ಣ ಪಾಲಿನಲ್ಲಿ, ಕೆಲವೇ ತಿಂಗಳುಗಳಲ್ಲಿ, ಹೊಳೆಯ ಹರಿವಿಗೆ ಕಂಬದ ಅಡ್ಡಿಯಿಲ್ಲದಂತೆ ಎದ್ದು ನಿಲ್ಲುವ ಸೇತುವೆ ಇದು. ಅದರ ಮೇಲೆ ಲಾರಿ ಹೋಗದು, ನಿಜ. ಆದರೆ ತಲೆಹೊರೆ ಹೋಗುತ್ತದೆ, ಹಾಲಿನ ಕ್ಯಾನು ಹೋಗುತ್ತದೆ, ಮಳೆಗಾಲದಲ್ಲಿ ಶಾಲೆಯ ಮಕ್ಕಳೂ ಹೆರಿಗೆಯ ಹೆಂಗಸೂ ದಾಟುತ್ತಾರೆ. ಎಂಟು ಹತ್ತು ಕಿಲೋಮೀಟರು ಸುತ್ತಿ ಬಳಸಿ ಪೇಟೆಗೆ ಹೋಗುತ್ತಿದ್ದ ಊರಿಗೆ ಪೇಟೆ ಕೂಗಳತೆಗೆ ಬಂದುಬಿಡುತ್ತದೆ. ಇಳಿಜಾರಿನಲ್ಲಿ ಸಣ್ಣ ಎಂಜಿನ್ನಿನ ಕೈಗಾಡಿ, ಕಣಿವೆಯಿಂದ ಅಂಗಳಕ್ಕೆ ಕೊನೆಯೆಳೆಯುವ ತಂತಿಹಾದಿ, ಇವೂ ಅದೇ ಬಗೆಯ ಉಪಾಯಗಳು. ಮಲೆನಾಡಿನ ಹಲವು ತೋಟಗಳಲ್ಲಿ ಕೃಷಿಕರೇ ಇವನ್ನು ಮಾಡಿಕೊಂಡಿದ್ದಾರೆ. ಗುಡ್ಡ ಕಡಿಯದೆ ಹೊರೆ ಇಳಿಸುವ ಇಂತಹ ಕೆಲಸಕ್ಕೆ ಸರಕಾರದ ದರಪಟ್ಟಿಯಲ್ಲಿ ಸ್ಥಾನ ಸಿಗುವುದೇ ಕಷ್ಟ.

ಪರಿಸರದ ಕೆಲಸದಲ್ಲಿ ತೊಡಗಿರುವವರಿಗೂ ಇಲ್ಲಿ ಒಂದು ಮಾತು ಹೇಳಬೇಕಾಗಿದೆ. ಕಾಡಿನ ನಡುವಿನ ಹಳ್ಳಿಗೆ ರಸ್ತೆ ಎಂದಕೂಡಲೇ ವಿರೋಧಿಸುವ ಅಭ್ಯಾಸವೊಂದು ಬೆಳೆದಿದೆ. ಕಾಲುಸಂಕ ಕೊಚ್ಚಿಹೋದ ಊರಿನ ತಾಯಿಗೆ ಜೀವವೈವಿಧ್ಯದ ಪಾಠ ಹೇಳುವುದು ನ್ಯಾಯವಲ್ಲ. ಎರಡು ಮೀಟರು ಅಗಲದ ಊರದಾರಿಯನ್ನೂ ನಾಲ್ಕು ಪಥದ ಹೆದ್ದಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಆ ತಾಯಿ ಹೆದ್ದಾರಿಯವರ ಪಕ್ಷ ಸೇರುತ್ತಾಳೆ, ಸೇರಿಯೂ ಇದ್ದಾಳೆ.

ಇನ್ನು ಮಾರುಕಟ್ಟೆಯ ವಿಷಯ. ಸಾಗಣೆ ಎಂದರೆ ಗಾಡಿ ರಸ್ತೆಗಳಷ್ಟೇ ಅಲ್ಲ. ಸರಕು ಎಲ್ಲಿ ಕೈ ಬದಲಿಸುತ್ತದೆ, ಬೆಲೆ ಯಾರಿಗೆ ಎಂದು ತಿಳಿಯುತ್ತದೆ ಎಂಬುದೂ ಅದರ ಭಾಗವೇ. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗಾಲಾದಾಗ ಅವರ ಮುಂದಿದ್ದ ದಾರಿ ಒಂದೇ: ಚೀಲ ಕಟ್ಟಿ ಮಂಡಿಗೆ ಕಳುಹಿಸುವುದು, ಅಲ್ಲಿ ಹೇಳಿದ ಬೆಲೆ ಒಪ್ಪುವುದು. ಕಳುಹಿಸಿದ ಅಡಿಕೆಯನ್ನು ಮರಳಿ ತರುವ ಬಾಡಿಗೆ ಯಾರ ಕೈಯಲ್ಲಿದೆ? ಪೇಟೆಗೆ ಬಂದ ಸರಕು ಬಂದ ಹಾಗೆಯೇ ಸೋತ ಸರಕು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಒಳಗೊಂಡ ಸಹಕಾರಿ ಸಂಸ್ಥೆ ಅದು. ಪುತ್ತೂರು, ಸುಳ್ಯದ ಕೃಷಿಕನಿಗೂ ಕಾಸರಗೋಡಿನ ಕನ್ನಡಿಗ ಕೃಷಿಕನಿಗೂ ಒಂದೇ ಮನೆಯಾಯಿತು. ಘಟ್ಟದ ಮೇಲೆ ಈ ಪಾಠ ಇನ್ನೂ ಹಳೆಯದು: ಶಿರಸಿಯ ತೋಟಗಾರರ ಸೇಲ್ ಸೊಸೈಟಿ 1923ರದು, ಶಿವಮೊಗ್ಗದ ಮ್ಯಾಮ್ಕೋಸ್ 1939ರದು.

ಕ್ಯಾಂಪ್ಕೋದ ಸಾಧನೆಯನ್ನು ಬೆಲೆಯ ಭಾಷೆಯಲ್ಲಿ ಹೇಳುವವರು ಬಹಳ. ಸಾಗಣೆಯ ಭಾಷೆಯಲ್ಲಿ ಹೇಳುವುದಾದರೆ, ಅದು ಪೇಟೆಯನ್ನೇ ಹಳ್ಳಿಯ ಕಡೆಗೆ ಸಾಗಿಸಿತು. ಊರೂರುಗಳಲ್ಲಿ ಖರೀದಿ ಶಾಖೆ ತೆರೆದು, ಧಾರಣೆಯನ್ನು ಮುಂಚಿತವಾಗಿ ಪ್ರಕಟಿಸಿ, ಕಣ್ಣೆದುರೇ ತೂಗಿ ದುಡ್ಡು ಕೊಡುವ ಪದ್ಧತಿ ಬಂದ ಮೇಲೆ ಬೆಳೆಗಾರ ಮಾರಲು ಒಲ್ಲದಿದ್ದರೆ ಚೀಲವನ್ನು ಅದೇ ಜೀಪಿನಲ್ಲಿ ಮನೆಗೆ ಕೊಂಡೊಯ್ಯಬಹುದಾಯಿತು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಪೇಟೆ ಧಾರಣೆಯೂ ಪತ್ರಿಕೆಗಳ ಧಾರಣೆಯ ಅಂಕಣವೂ ಇದೇ ಕೆಲಸಕ್ಕೆ ನೆರವಾದವು. ಚಾಲಿ ಅಡಿಕೆಗೆ ಇನ್ನೊಂದು ಅನುಕೂಲವಿದೆ. ಅಂಗಳದಲ್ಲಿ 40-45 ದಿನ ಬಿಸಿಲು ಕಂಡು ಚೆನ್ನಾಗಿ ಒಣಗಿದ ಕಾಯಿ ವರ್ಷಗಟ್ಟಲೆ ನಿಲ್ಲುತ್ತದೆ; ಹೊಸತಿಗಿಂತ ಹಳತಿಗೆ ಬೆಲೆ ಹೆಚ್ಚು. ಅಟ್ಟದ ಮೇಲಿನ ಅಡಿಕೆ ಕರಾವಳಿಯ ಕೃಷಿಕನ ಉಳಿತಾಯ ಖಾತೆ. ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯದಂತೆ ಅದನ್ನು ಕಾಯ್ದುಕೊಳ್ಳುವ ಒಂದು ಒಣಕೋಣೆ ಅವನ ಚೌಕಾಸಿಯ ಶಕ್ತಿಯನ್ನು ಯಾವ ಹೆದ್ದಾರಿಗಿಂತಲೂ ಹೆಚ್ಚು ಬೆಳೆಸುತ್ತದೆ.

ಕೋಕೋದ ಕತೆ ಇದಕ್ಕಿಂತ ತೊಡಕಿನದು, ಆದುದರಿಂದಲೇ ಹೆಚ್ಚು ಕಲಿಸುತ್ತದೆ. ಅಡಿಕೆ ತೋಟದ ನೆರಳಿನಲ್ಲಿ ಬೆಳೆದ ಕೋಕೋ ಹೆಚ್ಚಾಗಿ ಹಣ್ಣಾಗುವುದು ಮಳೆಗಾಲದ ಆಸುಪಾಸಿನಲ್ಲಿ; ಬಿಸಿಲಿಗೆ ಒಣಗಿಸುವಂತಿಲ್ಲ. ಕಾಯಿ ಒಡೆದ ಬೀಜವನ್ನು ಕೂಡಲೇ ಹುಳಿಬರಿಸಲು ಹಾಕಬೇಕು. ಚೆನ್ನಾಗಿ ಹುಳಿಬರಲು ಗಣನೀಯ ಪ್ರಮಾಣದ ರಾಶಿ ಬೇಕು, ಐದಾರು ದಿನ ಬೇಕು, ನಡುನಡುವೆ ಮಗುಚಬೇಕು. ಎಂಟು ಹತ್ತು ಕಿಲೋ ಬೀಜವಿರುವ ಸಣ್ಣ ಕೃಷಿಕನಿಗೆ ಇದು ಆಗದ ಮಾತು. 1980ರ ಸುಮಾರಿಗೆ ಅಂತಾರಾಷ್ಟ್ರೀಯ ಬೆಲೆ ಬಿದ್ದು ಖರೀದಿದಾರರು ಹಿಂದೆ ಸರಿದಾಗ ರೈತರು ಗಿಡ ಕಡಿಯಲು ಕತ್ತಿಯೆತ್ತಿದರು. ಆಗ ಕ್ಯಾಂಪ್ಕೋ ಹಸಿ ಬೀಜವನ್ನೇ ಹಳ್ಳಿಗಳಿಂದ ಕೊಂಡು, ಒಟ್ಟುಗೂಡಿಸಿ, ಹುಳಿಬರಿಸಿ, ಒಣಗಿಸುವ ಹೊಣೆ ಹೊತ್ತಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೂ ಆರಂಭಿಸಿತು. ತೋಟದಿಂದ ಕಾರ್ಖಾನೆಗೆ ಅರ್ಧ ದಿನದ ದಾರಿಯೂ ಇಲ್ಲ. ಮುಂಬಯಿಗೋ ಕೊಚ್ಚಿಗೋ ಹಸಿ ಬೀಜ ಸಾಗಿಸುವ ಪ್ರಶ್ನೆಯೇ ಏಳಲಿಲ್ಲ, ಯಾಕೆಂದರೆ ಕೆಡುವ ಅವಸ್ಥೆಯಲ್ಲಿ ಬೀಜ ಮಾಡುವ ಪ್ರಯಾಣವನ್ನು ಅತಿ ಕಿರಿದುಗೊಳಿಸಲಾಯಿತು.

ಹಾಲು ಇನ್ನೂ ಬೇಗ ಕೆಡುವ ವಸ್ತು. ಆದರೂ ಮಲೆನಾಡಿನ ಎಷ್ಟೋ ಮೂಲೆಗಳಿಂದ ದಿನಕ್ಕೆರಡು ಹೊತ್ತು ಅದು ಹೊರಡುತ್ತದೆ. ಗುಜರಾತಿನ ಆಣಂದದ ಮಾದರಿಯ ಸಹಕಾರಿ ಡೇರಿ ಕರ್ನಾಟಕದಲ್ಲಿ 1970ರ ದಶಕದ ನಡುಭಾಗದಿಂದ ಬೇರೂರಿತು. ಇಲ್ಲಿ ಬೆರಗಿನ ಸಂಗತಿಯೆಂದರೆ ಎರಡು ಲೀಟರು ತಂದ ಹೆಂಗಸಿಗೂ ಇಪ್ಪತ್ತು ಲೀಟರು ತಂದ ಗೌಡರಿಗೂ ಒಂದೇ ಸಾಲು, ಒಂದೇ ಅಳತೆ, ಒಂದೇ ವಾಹನ. ಪಿಕಪ್ಪಿನ ಬಾಡಿಗೆಯ ಆ ಐದು ಪಟ್ಟಿನ ಅನ್ಯಾಯ ಇಲ್ಲಿ ಕರಗಿಹೋಗಿದೆ. ದಾರಿ ನಿಶ್ಚಿತ, ಹೊತ್ತು ನಿಶ್ಚಿತ, ಸೇರಿಸುವ ತಾಣ ನಿಶ್ಚಿತ. ಹಾಲಿಗೆ ಸಾಧ್ಯವಾದದ್ದು ತೊಂಡೆಕಾಯಿಗೆ, ಬಾಳೆಗೊನೆಗೆ, ಬಸಳೆಗೆ ಏಕೆ ಸಾಧ್ಯವಾಗಿಲ್ಲ? ಹಾಲು ವರ್ಷವಿಡೀ ಒಂದೇ ಬಗೆ, ತರಕಾರಿ ಋತುವಿಗೊಂದು ಬಗೆ ಎಂಬುದು ಒಂದು ಕಾರಣ. ಹಾಲಿನ ಗುಣ ಅಳೆಯಲು ಉಪಕರಣವಿದೆ, ಬೆಂಡೆಕಾಯಿಯ ಎಳಸನ್ನು ಅಳೆಯಲು ಕಣ್ಣಿಗಿಂತ ಬೇರೆ ಉಪಕರಣವಿಲ್ಲ ಎಂಬುದು ಇನ್ನೊಂದು. ಈ ತೊಡಕುಗಳು ಸುಳ್ಳಲ್ಲ. ಆದರೂ ವಾರಕ್ಕೆರಡು ದಿನ, ನಿಶ್ಚಿತ ಹೊತ್ತಿಗೆ, ಐದಾರು ಹಳ್ಳಿಗಳ ಡೇರಿಗಳ ಮುಂದೆ ನಿಂತು ಹೋಗುವ ಒಂದು ವಾಹನಕ್ಕೆ ಇವು ಅಡ್ಡಿಯಾಗಬೇಕಿಲ್ಲ. ಮಂಗಳೂರಿನ ಸಾವಯವ ಕೃಷಿಕ ಗ್ರಾಹಕ ಬಳಗದವರ ಭಾನುವಾರದ ಸಂತೆ ತೋರಿಸಿಕೊಟ್ಟಂತೆ, ಕೊಳ್ಳುವವರು ನಗರದಲ್ಲಿದ್ದಾರೆ. ಅವರ ಕೈಗೆ ಸರಕು ತಲುಪಿಸುವ ಖರ್ಚನ್ನು ಒಬ್ಬೊಬ್ಬನೇ ಹೊರಬೇಕಾಗಿರುವುದು ತೊಂದರೆ.

ವಿದ್ಯಾರ್ಥಿಗಳು ಒಂದು ರಾತ್ರಿ ಶಿರಾಡಿ ಘಟ್ಟದ ಬುಡದಲ್ಲಿ ನಿಂತು ನೋಡಬೇಕು. ಮಂಗಳೂರಿನ ಧಕ್ಕೆಯ ಮೀನು ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಘಟ್ಟ ಹತ್ತುತ್ತದೆ. ಬಂದರಿನ ಗೊಬ್ಬರ, ಅನಿಲ, ಎಣ್ಣೆ ಹತ್ತುತ್ತವೆ. ಬಯಲುಸೀಮೆಯ ತರಕಾರಿ, ಕಾಫಿಯ ಕಂಟೇನರು ಇಳಿಯುತ್ತವೆ. ಹತ್ತಿದ ಎಲ್ಲ ಗಾಡಿಗಳೂ ತುಂಬಿ ಇಳಿಯುವುದಿಲ್ಲ, ಇಳಿದ ಎಲ್ಲವೂ ತುಂಬಿ ಹತ್ತುವುದಿಲ್ಲ. ಬರಿದಾಗಿ ಓಡುವ ಲಾರಿಯೂ ಹೊಗೆಯನ್ನು ಉಗುಳುತ್ತದೆ. ಅನಿಲದ ಟ್ಯಾಂಕರಿನಲ್ಲಿ ಬಾಳೆಗೊನೆ ಹೇರಲಾಗದು, ಮೀನಿನ ಪೆಟ್ಟಿಗೆಯ ಜೊತೆ ಏಲಕ್ಕಿ ಇಡಲಾಗದು. ಉಳಿದ ಸಾಮಾನ್ಯ ಲಾರಿಗಳ ವಿಷಯದಲ್ಲಿ ಮರುಬಾಡಿಗೆಯ ಏರ್ಪಾಡು ಇಂದಿಗೂ ಚಾಲಕನ ಪರಿಚಯ, ಚಹಾದಂಗಡಿಯ ಮಾತಿನ ಮೇಲೆಯೇ ನಿಂತಿದೆ. ಕೈಯಲ್ಲೊಂದು ಮೊಬೈಲು ಇರುವ ಕಾಲದಲ್ಲಿ ಒಂದು ತಾಲೂಕಿನ ಸಹಕಾರಿ ಸಂಘಗಳು ಕೂಡಿ ಇಂತಹ ಬರಿಗಾಡಿಗಳ ಪಟ್ಟಿಯನ್ನಿಟ್ಟುಕೊಳ್ಳುವುದು ದೊಡ್ಡ ಬಂಡವಾಳದ ಕೆಲಸವಲ್ಲ.

ಈಗ ಘಟ್ಟದ ಪ್ರಶ್ನೆಗೆ ಬರಬೇಕು. ಹೆದ್ದಾರಿ ಅಗಲವಾಗಬೇಕೆಂದು ಕೇಳುವವರು ಬೇಡಿಕೆಯ ಪತ್ರದಲ್ಲಿ ಮೊದಲು ಬರೆಯುವ ಹೆಸರು ರೈತನದು. ರೈತನ ಫಸಲು ಬೇಗ ಬಂದರು ಸೇರಬೇಕು, ಆದುದರಿಂದ ಗುಡ್ಡ ಕಡಿಯಬೇಕು. ಕಳೆದ ವರ್ಷಗಳ ಅನುಭವ ಬೇರೆಯೇ ಹೇಳುತ್ತದೆ. ಶಿರಾಡಿ ರಸ್ತೆ 2015ರಲ್ಲಿ ತಿಂಗಳುಗಟ್ಟಲೆ, 2018ರಲ್ಲಿ ಮತ್ತೆ ತಿಂಗಳುಗಟ್ಟಲೆ ಕಾಂಕ್ರೀಟಿಗಾಗಿ ಮುಚ್ಚಿತು. ತೆರೆದ ಬೆನ್ನಿಗೇ 2018ರ ಆಗಸ್ಟಿನ ಮಳೆಯಲ್ಲಿ ಶಿರಾಡಿ, ಸಂಪಾಜೆ ರಸ್ತೆಗಳೂ ಸಕಲೇಶಪುರ–ಸುಬ್ರಹ್ಮಣ್ಯ ರೈಲುಹಾದಿಯೂ ಒಂದೇ ಕಾಲಕ್ಕೆ ಮಣ್ಣಿನಡಿ ಸಿಕ್ಕಿದವು. ಮರುವರ್ಷ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಅಗಲಗೊಂಡ ಹೆದ್ದಾರಿಯ ಮೇಲೆ ಗುಡ್ಡವೇ ಜಾರಿ ಜೀವಗಳನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಅದೇ ತಿಂಗಳು ಸಕಲೇಶಪುರದ ಬಳಿ ದೊಡ್ಡತಪ್ಪಲಿನಲ್ಲಿ ಅಗಲೀಕರಣಕ್ಕೆಂದು ಕಡಿದ ಗುಡ್ಡ ಮತ್ತೆ ಮತ್ತೆ ಕುಸಿಯಿತು. ಎಡಕುಮೇರಿ–ಕಡಗರವಳ್ಳಿ ನಡುವೆ ರೈಲುಹಾದಿಯ ಕೆಳಗಿನ ಮಣ್ಣು ಜಾರಿ ಗಾಡಿಗಳು ನಿಂತವು.

ಕಾರಣ ಗಹನವೇನಲ್ಲ. ಈ ಬೆಟ್ಟಗಳ ಮೇಲ್ಪದರ ಬಿಸಿ ಮಳೆಗಳಲ್ಲಿ ಬೆಂದು ನೆನೆದು ಶಿಥಿಲಗೊಂಡ ಮಣ್ಣು. ಅದರ ಕೆಳಗೆ ಗಟ್ಟಿ ಕಲ್ಲು. ಇಳಿಜಾರಿನ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮೇಲಿನಿಂದ ಇಂಗಿದ ನೀರು ಕಲ್ಲಿನ ಮೇಲ್ಮೈಯಲ್ಲಿ ನಿಂತು ಮಣ್ಣಿನ ಹಿಡಿತವನ್ನು ಸಡಿಲಿಸುತ್ತದೆ. ಮೋರಿಯೂ ಚರಂಡಿಯೂ ನೀರಿಗೆ ದಾರಿ ಬಿಡದಿದ್ದರೆ ಮುಗಿಯಿತು. ರಸ್ತೆ ಅಗಲವಾದಷ್ಟೂ ಕಡಿತ ಎತ್ತರವಾಗುತ್ತದೆ. ವರ್ಷದ ಹತ್ತು ತಿಂಗಳು ಒಂದು ಗಂಟೆ ಬೇಗ ತಲುಪಿಸಿ, ಮಿಕ್ಕ ಎರಡು ತಿಂಗಳು ತಲುಪಿಸುವುದೋ ಇಲ್ಲವೋ ಎನ್ನುವಂತಾದ ರಸ್ತೆಯಿಂದ ಕೃಷಿಕನಿಗೆ ಬಂದ ಲಾಭವೇನು? ಒಣ ಅಡಿಕೆಗೆ, ಕಾಫಿಗೆ, ಮೆಣಸಿಗೆ ಒಂದು ಗಂಟೆಯ ಉಳಿತಾಯದಿಂದ ಬೆಲೆ ಒಂದು ರೂಪಾಯಿಯೂ ಏರುವುದಿಲ್ಲ. ಹಸಿ ಸರಕಿಗೆ ಬೇಕಾದದ್ದು ವೇಗಕ್ಕಿಂತ ಮಿಗಿಲಾಗಿ ಭರವಸೆ: ಇಂದು ಹೊರಟದ್ದು ನಾಳೆ ಬೆಳಿಗ್ಗೆ ಸೇರುತ್ತದೆಯೆಂಬ ಖಾತರಿ. ದಾರಿ ಮುಚ್ಚಿದ ದಿನ ಸುತ್ತುದಾರಿಯ ಬಾಡಿಗೆಯನ್ನು ವ್ಯಾಪಾರಿ ತನ್ನ ಕಿಸೆಯಿಂದ ಕೊಡುವುದಿಲ್ಲ. ಅದು ಖರೀದಿಯ ಬೆಲೆಯಲ್ಲಿಯೇ ಕಡಿತವಾಗುತ್ತದೆ. ಆದುದರಿಂದ ಇರುವ ರಸ್ತೆಯ ನೀರಿನ ದಾರಿಗಳನ್ನು ಮಳೆಗೆ ಮೊದಲು ಬಿಡಿಸುವುದು, ಇಳಿಜಾರನ್ನು ಹುಲ್ಲು ಗಿಡ ಮೆಟ್ಟಿಲುಗಳಿಂದ ಹಿಡಿದಿಡುವುದು, ಮಳೆಗಾಲದಲ್ಲಿ ಅತಿಭಾರದ ಗಾಡಿಗಳಿಗೆ ಮಿತಿ ಹಾಕುವುದು, ಇವೇ ರೈತನ ಪಾಲಿನ ರಸ್ತೆ ಅಭಿವೃದ್ಧಿ. ಅಗಲಗೊಳಿಸುವುದರಿಂದ ಇತರರಿಗೆ ಲಾಭವಿರಬಹುದು. ಅವರು ತಮ್ಮ ಹೆಸರಿನಲ್ಲಿಯೇ ಕೇಳಲಿ.

ಭಾರವಾದ ಸರಕಿಗೆ ರೈಲಿದೆಯಲ್ಲ ಎಂದು ಕೇಳಬಹುದು. ಇದೆ, ಅದರ ಚರಿತ್ರೆಯೂ ಕೇಳತಕ್ಕದ್ದೇ. ಹಾಸನ–ಮಂಗಳೂರು ಮೀಟರ್ ಗೇಜ್ ಹಾದಿ ಪೂರ್ಣಗೊಂಡದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು, ನೂರಕ್ಕೂ ಮಿಕ್ಕ ಸೇತುವೆಗಳು, 50 ಮೀಟರಿಗೆ 1 ಮೀಟರಿನ ಏರು. ಹಳಿ ಅಗಲಿಸಲು 1996ರಲ್ಲಿ ಮುಚ್ಚಿದ ಹಾದಿಯಲ್ಲಿ ಸರಕು ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ಹತ್ತು ವರ್ಷ ಮಲೆನಾಡಿನ ಸರಕೆಲ್ಲ ಲಾರಿಗೆ ಒಗ್ಗಿಹೋಯಿತು. ಮತ್ತೆ ತೆರೆದ ಹಾದಿಯ ಲೆಕ್ಕಾಚಾರದಲ್ಲಿ ಮುಂದಿದ್ದದ್ದು ಕಬ್ಬಿಣದ ಅದಿರು. 2010ರಲ್ಲಿ ರಾಜ್ಯ ಅದಿರು ರಫ್ತನ್ನು ನಿಷೇಧಿಸಿದಾಗ ಆ ಲೆಕ್ಕವೂ ತಪ್ಪಿತು. ಅಡಿಕೆ, ಮೆಣಸು, ಕಾಫಿ ಬೆಳೆಯುವವನಿಗೆ ರೈಲು ಇಂದಿಗೂ ದೂರವೇ. ಇಡೀ ರೇಕು ತುಂಬುವಷ್ಟು ಸರಕು ಒಂದೇ ದಿನ ಒಂದೇ ಕಡೆ ಕೂಡುವುದಿಲ್ಲ. ಲಾರಿಯಿಂದ ವ್ಯಾಗನ್ನಿಗೆ, ವ್ಯಾಗನ್ನಿನಿಂದ ಲಾರಿಗೆ ಎರಡು ಬಾರಿ ಎತ್ತಿ ಇಳಿಸುವ ಕೂಲಿ ಬೇರೆ.

ಈ ತೊಡಕಿಗೆ ಉತ್ತರ ಕೊಂಕಣ ರೈಲ್ವೆಯೇ ತೋರಿಸಿದೆ. 1999ರ ಜನವರಿ 26ರಂದು ಅದು ಮಹಾರಾಷ್ಟ್ರದ ಕೋಲಾಡದಿಂದ ಗೋವೆಯ ವೆರ್ಣಾದವರೆಗೆ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಒಯ್ಯುವ ರೋ-ರೋ ಸೇವೆ ಆರಂಭಿಸಿತು; ಮುಂದೆ ಅದು ಮಂಗಳೂರಿನ ಮಗ್ಗುಲಿನ ಸುರತ್ಕಲ್ಲಿನವರೆಗೂ ಬಂದಿತು. ಎತ್ತಿ ಇಳಿಸುವ ಕೂಲಿ ಇಲ್ಲ, ಡೀಸೆಲ್ ಉಳಿತಾಯ, ಚಾಲಕನಿಗೆ ನಿದ್ದೆ. ಘಟ್ಟದ ಹಾದಿಯಲ್ಲಿ ಇದನ್ನು ಹಾಗೆಯೇ ನಕಲು ಮಾಡಬಹುದೆಂದು ಹೇಳುವುದು ಅವಸರವಾದೀತು: ಏಕಹಳಿ, ಕಡಿದಾದ ಏರು, ಸುರಂಗಗಳ ಎತ್ತರ ಎಲ್ಲವನ್ನೂ ಅಳೆದು ನೋಡಬೇಕು. ಮಳೆಗಾಲದಲ್ಲಿ ರೈಲುಹಾದಿಯೂ ಜಾರುವುದುಂಟು ಎಂಬುದನ್ನು ಮರೆಯುವಂತಿಲ್ಲ. ಆದರೂ ಕಬಕ-ಪುತ್ತೂರು, ಸುಬ್ರಹ್ಮಣ್ಯ ರಸ್ತೆ, ಸಕಲೇಶಪುರಗಳಂತಹ ನಿಲ್ದಾಣಗಳಲ್ಲಿ ಸೋರದ ಒಂದು ಗೋದಾಮು, ಬಿಡಿ ವ್ಯಾಗನ್ನಿನಲ್ಲಿ ಸರಕು ಕಳುಹಿಸುವ ಸೌಲಭ್ಯ, ವಾರಕ್ಕೊಂದು ನಿಶ್ಚಿತ ಗಾಡಿ ಇಷ್ಟನ್ನು ಕೇಳುವುದು ಅತಿಯಾಸೆಯಲ್ಲ. ಸುರಂಗರಸ್ತೆಗೆ ಸಾವಿರಾರು ಕೋಟಿಯ ಮಾತಾಡುವ ಜನಪ್ರತಿನಿಧಿಗಳ ಮುಂದೆ ಈ ಗೋದಾಮಿನ ಅರ್ಜಿಯನ್ನು ಹಿಡಿಯಬೇಕು.

ದಾರಿಯೇ ಇಲ್ಲವಾದಾಗ ಏನಾಗುತ್ತದೆ ಎಂಬುದನ್ನು 2020ರ ಲಾಕ್‌ಡೌನ್ ತೋರಿಸಿತು. ತಲಪಾಡಿಯ ಗಡಿ ಮುಚ್ಚಿತು. ಕಾಸರಗೋಡಿನ ಕೃಷಿಕನಿಗೆ ಕಣ್ಣೆದುರಿನ ಮಂಗಳೂರು ಪರದೇಶವಾಯಿತು. ಖರೀದಿ ಕೇಂದ್ರಗಳು ಕೆಲಕಾಲ ಬಾಗಿಲು ಹಾಕಿದವು. ಮಂಗಳೂರಿನ ಸೆಂಟ್ರಲ್ ಮಾರುಕಟ್ಟೆಯ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಸಾಗಿಸಲಾಯಿತು. ಆ ದಿನಗಳಲ್ಲಿ ಅಡಿಕೆಯವನು ಅಟ್ಟ ನೋಡಿಕೊಂಡು ಉಸಿರು ಬಿಟ್ಟ. ಬಾಳೆಯವನು, ಅನಾನಸಿನವನು ಕಂಗೆಟ್ಟ. ಮರುವರ್ಷ ಬಾಳೆಯ ಬೆಲೆ ಮತ್ತೆ ನೆಲಕಚ್ಚಿದಾಗ ಪುತ್ತೂರಿನ ಅಡಿಕೆ ಪತ್ರಿಕೆಯೂ ಅದರ ಸಂಪಾದಕ ಶ್ರೀ ಪಡ್ರೆಯವರೂ ಮುಂದಾಗಿ ಬಾಳೆಕಾಯಿ ಹುಡಿ ಮಾಡುವ ಕ್ರಮವನ್ನು ಮೊಬೈಲಿನ ಮೂಲಕ ಮನೆಮನೆಗೆ ಮುಟ್ಟಿಸಿದರು. ಬಾಕಾಹು ಎಂಬ ಹೆಸರೇ ಹುಟ್ಟಿಕೊಂಡಿತು. ಉತ್ತರ ಕನ್ನಡದ ಗೃಹಿಣಿಯರು ದೋಸೆ, ಗುಲಾಬ್ ಜಾಮೂನುಗಳವರೆಗೆ ಪ್ರಯೋಗ ನಡೆಸಿದರು. 2021ರ ಜುಲೈಯಲ್ಲಿ ಪ್ರಧಾನಿಯವರ ರೇಡಿಯೋ ಮಾತಿನಲ್ಲಿಯೂ ಅದರ ಪ್ರಸ್ತಾಪ ಬಂತು. ನಾಲ್ಕೈದು ಕಿಲೋ ಕಾಯಿ ಒಂದು ಕಿಲೋ ಹುಡಿಯಾಗಿ ಡಬ್ಬಿ ಸೇರಿದ ಮೇಲೆ ಗಡಿ ಯಾವಾಗ ತೆರೆದರೂ ಸರಿ. ಹುಡಿಯ ಪೇಟೆ ಇನ್ನೂ ಕಿರಿದು, ಹಾಗಾಗಿ ಬಾಳೆಯ ಸಮಸ್ಯೆ ತೀರಿತೆಂದು ಹೇಳುವಂತಿಲ್ಲ.

ಒಣಗಿಸುವುದಕ್ಕೂ ಶಕ್ತಿ ಬೇಕು ಎಂಬ ಪ್ರಶ್ನೆ ಸಭೆಯಲ್ಲಿ ಏಳಬಹುದು, ಏಳಬೇಕು. ಕಾಡಿನ ಕಟ್ಟಿಗೆ ಉರಿಸಿ ಒಣಗಿಸುವುದಾದರೆ ಲಾರಿಯ ಡೀಸೆಲ್ ಉಳಿಸಿ ಮರ ಕಳೆದಂತಾಗುತ್ತದೆ. ಅಡಿಕೆ ಸಿಪ್ಪೆ, ತೆಂಗಿನ ಚಿಪ್ಪು, ಕಾಫಿ ಸಿಪ್ಪೆಗಳಿಂದ ಉರಿಯುವ ಒಲೆಗಳು, ಪ್ಲಾಸ್ಟಿಕ್ ಹಾಳೆಯ ಸೌರ ಗೂಡುಗಳು ಹಲವೆಡೆ ಬಳಕೆಯಲ್ಲಿವೆ. ಜೂನ್ ಜುಲೈ ತಿಂಗಳುಗಳಲ್ಲಿ ಸೌರ ಗೂಡು ಒಂದೇ ಸಾಲದು. ಗೂಡೂ ಒಲೆಯೂ ಕೂಡಿದ ಏರ್ಪಾಡು ಬೇಕಾಗುತ್ತದೆ, ಅದು ಮನೆಗೊಂದರ ಬದಲು ಊರಿಗೊಂದಾದರೆ ಮಾತ್ರ ಖರ್ಚು ಹೊಂದುತ್ತದೆ. ಸಹಕಾರಿ ಸಂಘಗಳ ಗೋದಾಮುಗಳಿಗೆ 2020ರಲ್ಲಿ ಕೇಂದ್ರ ಸರಕಾರ ಘೋಷಿಸಿದ ಒಂದು ಲಕ್ಷ ಕೋಟಿ ರೂಪಾಯಿಯ ಕೃಷಿ ಮೂಲಸೌಕರ್ಯ ನಿಧಿಯಿಂದ ಬಡ್ಡಿಯ ರಿಯಾಯಿತಿಯಲ್ಲಿ ಸಾಲ ಪಡೆಯುವ ಅವಕಾಶವಿದೆ. ಗೋಡೆ, ಮಾಡುಗಳ ಜೊತೆಗೆ ಒಣಗೂಡನ್ನೂ ಆ ಅರ್ಜಿಯಲ್ಲಿ ಸೇರಿಸಬೇಕು.

ಇಲ್ಲಿಂದ ಊರಿಗೆ ಮರಳುವ ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ, ವಿಶೇಷ ಉಪಕರಣವೇನೂ ಬೇಡ. ತಂತಮ್ಮ ಊರಿನ ಹತ್ತು ಮನೆಗಳನ್ನು ಆರಿಸಿಕೊಂಡು, ಕಳೆದ ಸುಗ್ಗಿಯಲ್ಲಿ ಯಾವ ಫಸಲು ಎಷ್ಟು ಕಿಲೋ ಹೊರಟಿತು, ತೋಟದಿಂದ ರಸ್ತೆಗೆ ಎಷ್ಟು ಆಳು ಹಿಡಿಯಿತು, ರಸ್ತೆಯಿಂದ ಪೇಟೆಗೆ ಬಾಡಿಗೆ ಎಷ್ಟಾಯಿತು, ಯಾವ ತೋಡು ಯಾವ ತಿಂಗಳು ದಾಟಲಾಗಲಿಲ್ಲ ಎಂದು ಕೇಳಿ ಬರೆದುಕೊಳ್ಳಬೇಕು. ಗ್ರಾಮಸಭೆಯಲ್ಲಿ ಕಾಲುಸಂಕದ ಪ್ರಸ್ತಾಪ ಬಂದಾಗ ಪಂಚಾಯತಿಯವರು ಕೇಳುವ ಮೊದಲ ಪ್ರಶ್ನೆ ಎಷ್ಟು ಜನಕ್ಕೆ ಅನುಕೂಲ ಎಂಬುದು. ಎಷ್ಟು ಕ್ವಿಂಟಲ್ ಫಸಲಿಗೆ ಎಂಬ ಉತ್ತರವೂ ಆಗ ಕೈಯಲ್ಲಿರುತ್ತದೆ. ಹಳ್ಳದ ನೀರು ಇಳಿದು ಕೊಯ್ಲು ತೊಡಗುವ ಮೊದಲೇ ಈ ಲೆಕ್ಕ ಮುಗಿದರೆ ಬೇಸಿಗೆಯಲ್ಲಿ ಕಂಬ ನೆಡುವುದಕ್ಕೆ ಕಾಲಾವಕಾಶ ಸಿಗುತ್ತದೆ.